ನೂರ ಹದಿನೇಳನೆಯ ಪುಟದ ಷರಾ

ನನ್ನ ಹೆಂಡತಿ ಯಾವ ಲಕೋಟೆಯನ್ನೂ ಹರಿದವಳಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ಅಚ್ಚುಕಟ್ಟು ಎಂದುಕೊಂಡೆ. ನಡುವಯಸ್ಸಿನಲ್ಲಿ ಜಿಪುಣತನ ಎಂದುಕೊಂಡೆ. ಮುಪ್ಪಿನಲ್ಲಿ ಏನೂ ಎಂದುಕೊಳ್ಳದೆ ಸುಮ್ಮನಾದೆ. ಮದುವೆಯ ಕರೆಯೋಲೆಯಾಗಲಿ, ನೀರಿನ ತೆರಿಗೆಯ ಚೀಟಿಯಾಗಲಿ, ಅವಳು ಎಲುಬಿನ ತೆಳುವಾದ ಚಾಕುವೊಂದನ್ನು ಅಂಟಿನ ಅಡಿಗೆ ಜಾರಿಸಿ, ಮಲಗಿದವರ ಹೊದಿಕೆ ಸರಿಸುವಂತೆ ಮೆಲ್ಲಗೆ ಬಿಡಿಸುತ್ತಿದ್ದಳು. ಖಾಲಿ ಲಕೋಟೆ ಮತ್ತೆ ಹೊಸದರಂತೆಯೇ ಇರುತ್ತಿತ್ತು.

ಆದ್ದರಿಂದ ಆ ಬುಧವಾರ ಬೆಳಿಗ್ಗೆ, ಬೂದು ಕೋಟಿನ ಯುವತಿಯೊಬ್ಬಳು ನಮ್ಮ ನಡುಮನೆಯಲ್ಲಿ ಕುಳಿತು ದಪ್ಪ ಲಕೋಟೆಯೊಂದನ್ನು ಚಾಚಿದಾಗ, ನನ್ನವಳು ಮೊದಲು ಮಾಡಿದ್ದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಟಿನ ಗೆರೆಯನ್ನು ಪರೀಕ್ಷಿಸಿದ್ದು.

"ಯಂತ್ರದ ಅಂಟು," ಎಂದಳು. "ಕೈಯಲ್ಲಿ ಹಚ್ಚೋರು ಯಾರೂ ಉಳಿದಿಲ್ವಾ ಅಲ್ಲಿ?"

"ಇಲ್ಲಮ್ಮಾ. ನಿಮ್ಮ ಮೇಜನ್ನ ಈಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೀವಿ, ಹೊಸದಾಗಿ ಸೇರಿದವರಿಗೆ ತೋರಿಸೋಕೆ."

ನಾನು ಇಬ್ಬರ ಮುಖವನ್ನೂ ನೋಡಿದೆ. ಮೂವತ್ತನಾಲ್ಕು ವರ್ಷ ನನ್ನ ಹೆಂಡತಿ ಅಂಚೆ ಇಲಾಖೆಯ 'ತಲುಪದ ಕಾಗದಗಳ ವಿಭಾಗ'ದಲ್ಲಿ ದುಡಿದು ನಿವೃತ್ತಳಾದವಳು. ವಿಳಾಸ ಅಳಿಸಿಹೋದ ಕಾಗದಗಳಿಗೆ ದಾರಿ ಹುಡುಕುವ ಕೆಲಸ ಎಂದು ನಾನು ನಂಬಿದ್ದೆ. ಅಷ್ಟೇ ಅಲ್ಲ, ಅದರ ಮೇಲೆ ಎರಡು ಪದ್ಯಗಳನ್ನೂ ಬರೆದಿದ್ದೆ. ಅವು ಅಚ್ಚಾಗಲಿಲ್ಲ ಎಂಬುದು ಈಗ ಸಮಾಧಾನದ ಸಂಗತಿ.

"ಸರ್," ಎಂದಳು ಯುವತಿ ನನ್ನತ್ತ ತಿರುಗಿ, "ನಿನ್ನೆವರೆಗೂ ನಿಮಗೆ ಏನೂ ಗೊತ್ತಿರಬಾರದಿತ್ತು. ಇವತ್ತಿಂದ ಒಂದಿಷ್ಟು ಗೊತ್ತಿರಬಹುದು. ಅಮ್ಮನವರು ಕೆಲಸ ಮಾಡಿದ್ದು ಗುಪ್ತಚರ ಸೇವೆಯಲ್ಲಿ. ಅವರಿಗೆ ವಿಶಿಷ್ಟ ಸೇವಾ ಪದಕ ಬಂದಿದೆ. ಮನೆಯವರು ಒಬ್ಬರು ಜೊತೆಗೆ ಬರಬಹುದು."

ನನ್ನ ಹೆಂಡತಿಯ ಮುಖದಲ್ಲಿ ಹಿಗ್ಗಿರಲಿಲ್ಲ. "ಯಾವ ಕೆಲಸಕ್ಕೆ ಪದಕ?"

"ಗಡಿಯಾರದವನು, ರಟ್ಟು ಕಟ್ಟೋ ಹೆಂಗಸು, ಆ ಜಾಲ ಹಿಡಿದದ್ದಕ್ಕೆ."

"ನಲವತ್ತೆರಡು ವರ್ಷ ಆಯ್ತು. ಈಗ್ಯಾಕೆ?"

"ನಿಮಗೆ ಗೊತ್ತಲ್ಲಮ್ಮಾ, ಇಪ್ಪತ್ತೈದು ವರ್ಷ ಆದ ಮೇಲೆ ನಮ್ಮ ಕಡತ ಎಲ್ಲ ಸುಟ್ಟುಹಾಕ್ತೀವಿ. ಆ ಹೆಂಗಸು ಇನ್ನೂ ಇದಾರೆ. ಇಬ್ಬರ ಹೆಸರಿನ ಮೇಲಿರೋ ಕಳಂಕ ತೆಗೀಬೇಕು ಅಂತ ಮರುಪರಿಶೀಲನಾ ಮಂಡಳಿಗೆ ನಾಲ್ಕನೇ ಸಲ ಅರ್ಜಿ ಹಾಕಿದಾರೆ. ಮಂಡಳಿ ದಾಖಲೆ ಕೇಳ್ತಿದೆ, ನಮ್ಮ ಹತ್ರ ಒಂದು ಚೂರು ಕಾಗದ ಇಲ್ಲ. ಪದಕದ ಪುಸ್ತಕ ಒಂದನ್ನ ಮಾತ್ರ ಸುಡೋ ಹಾಗಿಲ್ಲ. ಅದರಲ್ಲಿ ವಿವರ ಬರೆದು ನೀವು ಸಹಿ ಹಾಕಿದ್ರೆ ಅದೇ ದಾಖಲೆ. ಪುಟದ ನಕಲು ಮಂಡಳಿಗೆ ಹೋಗತ್ತೆ, ಅರ್ಜಿ ಅಲ್ಲಿಗೆ ಮುಗಿಯತ್ತೆ." ಇಷ್ಟು ಹೇಳಿ, ನಾನೂ ಅಲ್ಲಿದ್ದೇನೆಂಬುದು ಆಗ ನೆನಪಾದವಳಂತೆ ನಾಲಿಗೆ ಕಚ್ಚಿಕೊಂಡಳು.

ಅವಳು ಹೋದ ಮೇಲೆ ನಾವು ಊಟದ ಮೇಜಿನ ಎರಡು ಬದಿಗೆ ಕುಳಿತೆವು. ಕೇಳಬೇಕಾದ್ದು ಬೆಟ್ಟದಷ್ಟಿದ್ದರೂ ಬಾಯಿಗೆ ಬಂದದ್ದು ಅತಿ ಸಣ್ಣದು.

"ನನ್ನ ಕಾಗದಗಳನ್ನೂ ಓದಿದ್ದೀಯೇನೇ?"

"ತೆರೆಯೋರು ಓದೋ ಹಾಗಿಲ್ಲ. ಓದೋರು ಬೇರೆ ಇರ್ತಿದ್ರು."

"ಅಂದ್ರೆ ತೆರೆದಿದ್ದೀಯ!"

"ಒಂದೇ ಸಲ. ಆ ನಿಮ್ಮ ಕವಿಮಿತ್ರರದ್ದು. ಓದಿದೋನು ಎರಡು ದಿನ ತಲೆ ಕೆರೆದುಕೊಂಡು 'ಇದರಲ್ಲಿ ಏನೂ ಅರ್ಥ ಇಲ್ಲ, ಅಪಾಯ ಇಲ್ಲ' ಅಂತ ಬರೆದ."

ನಗಬೇಕೋ ನೊಂದುಕೊಳ್ಳಬೇಕೋ ತಿಳಿಯದೆ ನಾನು ಎರಡನ್ನೂ ಅರ್ಧರ್ಧ ಮಾಡಿದೆ. ಆಮೇಲೆ ಕೇಳಿದೆ: "ರಟ್ಟು ಕಟ್ಟೋ ಹೆಂಗಸು ಅಂದ್ರೆ... ಹೊಲಿಗೆಯಕ್ಕನಾ?"

ಅವಳು ತಲೆಯಾಡಿಸಿದಳು.

ಹೊಲಿಗೆಯಕ್ಕ ನಮ್ಮ ಮುದ್ರಣಾಲಯಕ್ಕೆ ಪುಸ್ತಕ ಕಟ್ಟಿಕೊಡುತ್ತಿದ್ದವಳು. ನಾನು ಅಲ್ಲಿ ಕರಡು ತಿದ್ದುವವನಾಗಿದ್ದೆ. ನಾನು ಅಕ್ಷರ ತಿದ್ದಿದ ಹಾಳೆಗಳನ್ನು ಮೂರು ಬೀದಿಗಳಾಚೆ ಅವಳು ಮಡಿಚಿ, ಹೊಲಿದು, ಬೆನ್ನು ಕಟ್ಟುತ್ತಿದ್ದಳು. ಒಂದು ಸೋಮವಾರ ಅವಳ ಅಂಗಡಿಗೆ ಮೊಹರು ಬಿದ್ದಿತ್ತು. ಹೊರನಾಡಿನವರ ಕೈಗೊಂಬೆ ಎಂದು ಪತ್ರಿಕೆಗಳು ಬರೆದವು. ಎರಡು ವರ್ಷದ ಬಳಿಕ ಬಿಟ್ಟರು, ಅಂಗಡಿ ಮರಳಲಿಲ್ಲ. ಅವಳೊಡನೆ ಸಿಕ್ಕಿಬಿದ್ದ ಗಡಿಯಾರದವನು ಸೆರೆಮನೆಯಲ್ಲಿಯೇ ಐದನೆಯ ವರ್ಷ ತೀರಿಕೊಂಡ. ಇದನ್ನೆಲ್ಲ ನಾನು ಇದೇ ಮೇಜಿನಲ್ಲಿ, ತುತ್ತಿನ ನಡುನಡುವೆ, ನನ್ನ ಹೆಂಡತಿಗೇ ಹೇಳಿದ್ದೆ. ಬಿಡುಗಡೆಯಾದ ಮೇಲೆ ಅವಳಿಗೆ ಕೆಲಸ ಕೊಟ್ಟಂತಾಗಲಿ ಎಂದು ನನ್ನ ಹಳೆಯ ನಿಘಂಟನ್ನು ಹೊಸದಾಗಿ ಕಟ್ಟಿಸಿ ತಂದಿದ್ದೆ. ಅದಕ್ಕೆ ಇಂದಿಗೂ ಒಂದು ಎಳೆ ಸಡಿಲವಾಗಿಲ್ಲ. ಆ ನಿಘಂಟನ್ನು ನನ್ನ ಹೆಂಡತಿ ಒಂದು ದಿನವೂ ಮುಟ್ಟಿರಲಿಲ್ಲ. ಧೂಳು ಒರೆಸುವಾಗಲೂ ಅದನ್ನು ಬಿಟ್ಟು ಅತ್ತಿತ್ತ ಒರೆಸುತ್ತಿದ್ದಳು.

"ಅವರಿಬ್ಬರೂ ಏನೂ ಮಾಡಿರಲಿಲ್ಲ ಕಣ್ರೀ," ಎಂದಳು. "ಮಾಡಿದ್ದು ನಾನು."

ಆಮೇಲೆ, ಮೇಜಿನ ಮೇಲೆ ಎರಡು ಕೈವಸ್ತ್ರಗಳನ್ನು ಹರಡಿ, ಹೇಗೆಂದು ತೋರಿಸಿದಳು.

ಅವರ ಕೆಲಸದ ಮೊದಲ ನಿಯಮ: ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಲಕೋಟೆ. ಹಬೆಗೆ ಹಿಡಿದು ಬಿಡಿಸಿದ ಕಾಗದ ಪಕ್ಕದ ಕೋಣೆಗೆ ಹೋಗಬೇಕು. ಅಲ್ಲಿ ಚಿತ್ರ ತೆಗೆದು ತಟ್ಟೆಯಲ್ಲಿಟ್ಟು ಮರಳಿ ಕಳಿಸಬೇಕು. ಅದು ಲಕೋಟೆಯ ಒಳಹೊಕ್ಕು ಅಂಟಿ ಒಣಗುವ ತನಕ ಎರಡನೆಯದನ್ನು ಮುಟ್ಟುವಂತಿಲ್ಲ. ಆ ವಾರ ಅಂಚೆ ವಿಂಗಡಿಸುವವರ ಮುಷ್ಕರ ಮುಗಿದು ಒಮ್ಮೆಗೇ ಮೂಟೆಗಟ್ಟಲೆ ಟಪಾಲು ಬಂದಿತ್ತು. ಅವಳು ಎರಡನ್ನು ಒಟ್ಟಿಗೆ ತೆರೆದಳು. ಎರಡೂ ಒಂದೇ ಹೊರನಾಡಿನ ಬಂದರಿನಿಂದ ಬಂದವು, ಎರಡೂ ತೆಳು ನೀಲಿ ಹಾಳೆ, ಎರಡೂ ಮೂರು ಮಡಿಕೆ. ಒಂದು, ಗಡಿಯಾರದವನಿಗೆ ಅವನ ತಂಗಿ ಬರೆದದ್ದು; ಇನ್ನೊಂದು, ಹೊಲಿಗೆಯಕ್ಕನಿಗೆ ಅವಳ ಅಣ್ಣ ಬರೆದದ್ದು. ಓದಿದ್ದರೆ ಮೊದಲ ಸಾಲಿನಲ್ಲಿಯೇ ತಿಳಿಯುತ್ತಿತ್ತು. ತೆರೆಯುವವರು ಓದುವಂತಿರಲಿಲ್ಲ. ಒಂದು ಇನ್ನೊಂದರ ಲಕೋಟೆಯೊಳಗೆ ಹೋಯಿತು.

"ಇಬ್ಬರೂ ಒಳ್ಳೆಯವರು. ಅದೇ ಆಗಿದ್ದು ಅನಾಹುತ," ಎಂದಳು. "ಹೊಲಿಗೆಯಕ್ಕ ಕಾಗದದ ತಲೆಯಲ್ಲಿದ್ದ ಹೆಸರು, ವಿಳಾಸ ನೋಡಿ 'ನಿಮ್ಮ ತಂಗಿಯ ಕಾಗದ ನನ್ನ ಕೈಗೆ ಬಂದಿದೆ, ಅವರ ಮೊಣಕಾಲು ಬೇಗ ವಾಸಿಯಾಗಲಿ' ಅಂತ ಚೀಟಿ ಬರೆದು ಕಾಗದ ಕಳಿಸಿದಳು. ಆತನೂ ಅವಳದನ್ನ ಹಾಗೇ ಕಳಿಸಿದ. ನಮ್ಮ ವಿಭಾಗದ ಕಣ್ಣಲ್ಲಿದ್ದ ಇಬ್ಬರು, ಒಬ್ಬರಿಗೊಬ್ಬರು ಕಾಗದ ಬರೀತಿದಾರೆ! ವಿಭಾಗಾಧಿಕಾರಿ ಕುಣಿದಾಡಿಬಿಟ್ಟ. ಮೊಣಕಾಲು ಅಂದ್ರೆ ಸೇತುವೆ ಅಂತ ಅರ್ಥ ಹಚ್ಚಿದರು. ನಿನ್ನ ಮೇಜಿಂದ ಬಂದ ಬೇಟೆ ನೋಡು ಅಂತ ಆ ಚೀಟಿ ನನಗೇ ತೋರಿಸಿದ. ನೋಡಿದ ಕೂಡಲೆ ಗೊತ್ತಾಯ್ತು."

"ಹೇಳಲಿಲ್ವಾ?"

"ಅಲ್ಲೇ ನಿಂತು ಹೇಳಿದೆ. 'ಸರ್, ಅದಲುಬದಲು ನನ್ನ ಕೈಯಿಂದ ಆದದ್ದು.' ಅವನು ಬಾಗಿಲು ಹಾಕಿ ಬಂದು, ತುಂಬ ಪ್ರೀತಿಯಿಂದ ಹೇಳಿದ: 'ಈ ವಿಭಾಗದಲ್ಲಿ ತಪ್ಪಾಗೋದಿಲ್ಲಮ್ಮಾ. ತಪ್ಪಾಯ್ತು ಅಂದ್ರೆ ತೆರೆದಿದ್ದೀವಿ ಅಂತ ಆಗತ್ತೆ. ನಾವು ಕಾಗದ ತೆರೆಯೋದೇ ಇಲ್ಲ. ತೆರೆಯದ ಕಾಗದ ಅದಲುಬದಲಾಗೋದು ಹೇಗೆ?'"

"ಆಮೇಲೆ?"

"ಆಮೇಲೆ ಸುಮ್ಮನಿದ್ದೆ."

"ನಲವತ್ತೆರಡು ವರ್ಷ?"

"ಹೂಂ. ಹೆದರಿಕೆ. ಬಾಯಿ ಬಿಡಲ್ಲ ಅಂತ ಪ್ರಮಾಣ ಮಾಡಿದ್ದೆ, ಬಿಟ್ಟರೆ ಜೈಲು. ನೀವು ಇಲ್ಲಿ ಕೂತು ಅವಳ ಕಥೆ ಹೇಳ್ತಿದ್ರಿ, ನಾನು ಅನ್ನ ಬಡಿಸ್ತಿದ್ದೆ." ಕೈವಸ್ತ್ರಗಳನ್ನು ಮಡಿಚಿಟ್ಟಳು. "ಬಯ್ಯೋದಿದ್ರೆ ಬಯ್ದುಬಿಡಿ. ಆಮೇಲೆ ಕೆಲಸ ಇದೆ."

ಬಯ್ಯಲಿಲ್ಲ, ಆದರೆ ಆ ದಿನ ಸಂಜೆಯವರೆಗೂ ಅವಳೊಡನೆ ಮಾತಾಡಲೂ ಆಗಲಿಲ್ಲ. ಕಿಟಕಿಯ ಬಳಿ ನಿಂತು ಎದುರು ಮನೆಗಳ ಮುಚ್ಚಿದ ಬಾಗಿಲುಗಳನ್ನು ನೋಡುತ್ತಿದ್ದೆ. ಪ್ರತಿಯೊಂದೂ ಯಾರೋ ಎಂದೋ ಮೆಲ್ಲಗೆ ಬಿಡಿಸಿ, ತೆರೆದ ಗುರುತು ಉಳಿಯದಂತೆ ಮತ್ತೆ ಅಂಟಿಸಿಟ್ಟ ಲಕೋಟೆಯಂತೆ ಕಂಡಿತು.

ದೀಪ ಹಚ್ಚುವ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ನಿಂತಳು. "ಪದಕ ತಗೊಳ್ತೀನಿ," ಎಂದಳು.

ನಾನು ಅವಳತ್ತ ತಿರುಗಿದೆ. "ಸಹಿ ಹಾಕ್ತೀಯಾ? ಅವಳ ಅರ್ಜಿ..."

"ಪೂರ್ತಿ ಕೇಳಿ. ಆ ಪುಸ್ತಕ ನಾನು ನೋಡಿದೀನಿ, ನಮ್ಮ ಚಿತ್ರ ತೆಗೆಯೋನಿಗೆ ಪದಕ ಬಂದಾಗ. ಒಬ್ಬರಿಗೆ ಒಂದು ಪುಟ. ಮೇಲೆ ಅವರು ಬರೆದ ವಿವರ, ಕೆಳಗೆ ಪದಕ ತಗೊಂಡವರ ಸಹಿ, ಮನೆಯವರ ಸಾಕ್ಷಿ. ಬಲಗಡೆ ಒಂದು ಅಂಕಣ ಇದೆ, 'ಪದಕ ಪಡೆದವರ ಷರಾ' ಅಂತ. ಎಲ್ಲರೂ 'ಕೃತಜ್ಞತೆಗಳು' ಅಂತ ಗೀಚ್ತಾರೆ. ಅಲ್ಲಿ ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲ, ತಿದ್ದೋ ಹಾಗಿಲ್ಲ, ಸುಡೋ ಹಾಗಿಲ್ಲ. ಆದರೆ ಅಂಕಣ ಬೆಂಕಿಪೊಟ್ಟಣದಷ್ಟೇ ಇರೋದು." ಪೆನ್ಸಿಲನ್ನು ನನ್ನ ಕೈಗಿತ್ತಳು. "ನಿಮಗೆ ಗೊತ್ತಲ್ಲ, ನಾಲ್ಕು ಸಾಲಲ್ಲಿ ಎಲ್ಲ ಹೇಳೋ ವಿದ್ಯೆ. ಹೇಳಿಕೊಡಿ."

ಮೂರು ದಿನ ನಾವು ಆ ನಾಲ್ಕು ಸಾಲುಗಳ ಮೇಲೆ ಕುಳಿತೆವು. ಅಷ್ಟು ಶ್ರದ್ಧೆಯಿಂದ ನಾನು ಯಾವ ಪದ್ಯವನ್ನೂ ತಿದ್ದಿದವನಲ್ಲ. ಮೊದಲ ಕರಡಿನಲ್ಲಿ ನಾನು 'ದುರದೃಷ್ಟವಶಾತ್' ಎಂದು ಬರೆದಿದ್ದೆ.

"ಅದೃಷ್ಟ ಯಾಕೆ ಬರಬೇಕು ಅಲ್ಲಿ? ಕೈ ನಂದು," ಎಂದು ಹೊಡೆದುಹಾಕಿದಳು.

'ಕೆಲಸದ ಒತ್ತಡದಲ್ಲಿ' ಎಂದೆ. "ನೆಪ," ಎಂದಳು. 'ವಿಷಾದಿಸುತ್ತೇನೆ' ಎಂದೆ. "ಅದು ಅವಳ ಮುಂದೆ ಹೇಳೋ ಮಾತು. ಇವರ ಪುಸ್ತಕಕ್ಕೆ ಯಾಕೆ ಕೊಡ್ಲಿ?"

ನಡುವೆ ನಾದಿನಿ ಬಂದಳು. ಪದಕ ಅಂಚೆ ಇಲಾಖೆಯದೆಂದು ಹೇಳಿದ್ದೆವು. "ಪದಕ ಯಾಕಂತೆ ಭಾವ? ಮೂವತ್ತನಾಲ್ಕು ವರ್ಷ ಸ್ಟಾಂಪು ನೆಕ್ಕಿದ್ದಕ್ಕಾ?" ಎಂದು ನಕ್ಕಳು. ಅವಳ ಅಕ್ಕ ಬೆಂಕಿಪೊಟ್ಟಣದ ಅಳತೆಗೆ ಗೆರೆ ಎಳೆದ ಕಾಗದವನ್ನು ತಟ್ಟೆಯ ಅಡಿಗೆ ಸರಿಸಿ, "ನಾಲಿಗೆ ಚೆನ್ನಾಗಿತ್ತು ಅಂತ ಕಣೇ. ನಿಂಗೆ ಬರಲ್ಲ ಬಿಡು," ಎಂದಳು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮನ್ನು ಕರೆದೊಯ್ದರು. ಹೊರಗೆ ವಿಮಾ ಕಚೇರಿಯ ಹಲಗೆ. ಒಳಗೆ ಮೂರನೆಯ ಮಹಡಿಯಲ್ಲಿ ದಪ್ಪ ಪರದೆಗಳ ಒಂದು ಕೋಣೆ, ಉದ್ದನೆಯ ಮೇಜು. ಇದ್ದವರು ಮೂವರು: ನನ್ನ ಮಗನ ವಯಸ್ಸಿನ ಮುಖ್ಯಸ್ಥರು, ನಮ್ಮ ಮನೆಗೆ ಬಂದಿದ್ದ ಯುವತಿ, ಮತ್ತು ಶಾಯಿ ತಾಗದಂತೆ ಕಪ್ಪು ತೋಳುಗವಸು ತೊಟ್ಟ, ದಾಖಲೆ ಕಾಯುವ ದಫ್ತರದವರು. ದಫ್ತರದವರು ಪುಸ್ತಕವನ್ನು ಮಗುವಿನಂತೆ ಎದೆಗವಚಿ ಹಿಡಿದಿದ್ದರು.

ಅಲ್ಲಿಯ ಪದ್ಧತಿಯನ್ನು ಯುವತಿ ವಿವರಿಸಿದಳು. ಪದಕವನ್ನು ಮುಖ್ಯಸ್ಥರು ತೊಡಿಸುತ್ತಾರೆ. ಚಹಾ ಕೊಡುತ್ತಾರೆ. ಚಹಾ ಮುಗಿಯುವವರೆಗೆ ಪದಕ ಎದೆಯ ಮೇಲಿರುತ್ತದೆ. ಬಟ್ಟಲು ಕೆಳಗಿಟ್ಟ ಮೇಲೆ ಅದನ್ನು ಕಳಚಿ, ಸಂಖ್ಯೆ ಹಚ್ಚಿ, ಅವರ ಕಬ್ಬಿಣದ ಕಪಾಟಿನಲ್ಲಿಯೇ ಇಡುತ್ತಾರೆ.

"ಪದಕ ನಿಮ್ಮದೇ ಅಮ್ಮಾ. ಇರೋದು ನಮ್ಮಲ್ಲಿ."

"ನನ್ನ ತಪ್ಪಿನ ಹಾಗೇ," ಎಂದಳು ನನ್ನವಳು. ಯುವತಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ನಕ್ಕಳು.

ಮುಖ್ಯಸ್ಥರು ಪದಕ ತೊಡಿಸಿದರು. ಅಂಗಿಯ ಗುಂಡಿಗಿಂತ ಮೂರು ಪಟ್ಟು ದೊಡ್ಡದಾದ ಬೆಳ್ಳಿಯ ಬಿಲ್ಲೆ. ಅದರ ಮೇಲೆ ಒಂದು ದೀಪ, ಎರಡು ಎಲೆ. ಹೆಸರಿರಲಿಲ್ಲ. ಅವರು ಗಂಟಲು ಸರಿಪಡಿಸಿಕೊಂಡು, "ನಿಮ್ಮಂಥೋರು ಈ ಕಟ್ಟಡದ ಗೋಡೆಯೊಳಗಿನ ಇಟ್ಟಿಗೆಗಳು..." ಎಂದು ಆರಂಭಿಸಿದರು.

"ಇಟ್ಟಿಗೆಗೆ ಪದಕ ಯಾಕೆ ಸರ್?" ಎಂದವಳೇ ನನ್ನ ಹೆಂಡತಿ ಬಟ್ಟಲನ್ನೆತ್ತಿ ಹೊಗೆಯಾಡುವ ಚಹಾವನ್ನು ನೀರಿನಂತೆ ಗಟಗಟನೆ ಕುಡಿದು, ಕೆಳಗಿಟ್ಟು, ಪದಕವನ್ನು ತಾನೇ ಕಳಚಿ ಬಸಿಯಲ್ಲಿಟ್ಟಳು. "ಆಯ್ತು. ಪುಸ್ತಕ ಕೊಡಿ."

ಮುಖ್ಯಸ್ಥರ ಭಾಷಣ ನಿಂತಲ್ಲೇ ನಿಂತಿತು. ದಫ್ತರದವರು ಪುಸ್ತಕವನ್ನು ಬಿಡಿಸಿ ನೂರ ಹದಿನೇಳನೆಯ ಪುಟವನ್ನು ಅವಳ ಮುಂದಿಟ್ಟರು. ಮೇಲೆ ಅಚ್ಚಿನಂಥ ಅಕ್ಷರಗಳಲ್ಲಿ ವಿವರ: ಹೊರನಾಡಿನ ಇಬ್ಬರು ಗುಪ್ತಸಹಾಯಕರ ನಡುವಿನ ಸಂಪರ್ಕಜಾಲವನ್ನು ತಮ್ಮ ತೀಕ್ಷ್ಣಮತಿಯಿಂದ ಬಯಲಿಗೆಳೆದುದಕ್ಕಾಗಿ. ನನ್ನವಳು ಚೀಲದಿಂದ ತನ್ನದೇ ಲೇಖನಿ ತೆಗೆದಳು. ಮೊದಲು ಷರಾ ಅಂಕಣ ತುಂಬಿದಳು, ಆಮೇಲೆ ಸಹಿ. ಕೈ ಒಂದಿಷ್ಟೂ ಅಲುಗಲಿಲ್ಲ. ಹಬೆಯ ಮೇಲೆ ಲಕ್ಷಾಂತರ ಲಕೋಟೆ ಹಿಡಿದ ಕೈ ಅದು.

ದಫ್ತರದವರು ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಸರ್," ಎಂದರು ಸಣ್ಣಗೆ.

ಮುಖ್ಯಸ್ಥರು ಬಂದು ಓದಿದರು:

'ಈ ಇಬ್ಬರಿಗೆ ಪರಸ್ಪರ ಪರಿಚಯವಿರಲಿಲ್ಲ. ಅವರ ಕಾಗದಗಳನ್ನು ತೆರೆದವಳು ನಾನು. ಅದಲುಬದಲಾಗಿ ಇಟ್ಟು ಮುಚ್ಚಿದವಳೂ ನಾನು. ತಿಳಿದ ದಿನವೇ ಮೇಲಧಿಕಾರಿಗೆ ಹೇಳಿದೆ, ಅವರು ಕೇಳಲಿಲ್ಲ.'

"ಏನಿದು?"

"ಷರಾ."

"ಇದನ್ನ ಹೊಡೆದುಹಾಕಿ," ಎಂದರು ದಫ್ತರದವರಿಗೆ.

"ಸರ್, ಈ ಪುಸ್ತಕದಲ್ಲಿ ಕಾಟು ಹೊಡೆಯೋ ಹಾಗಿಲ್ಲ."

"ಹಾಗಾದ್ರೆ ಹಾಳೆ ತೆಗೀರಿ!"

ದಫ್ತರದವರ ಮುಖ, ಯಾರೋ ಅವರ ತಾಯಿಯನ್ನೇ ಬೈದ ಹಾಗೆ ಕಪ್ಪಿಟ್ಟಿತು. "ಇದು ಹೊಲಿದ ಪುಸ್ತಕ ಸರ್. ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಉದುರತ್ತೆ. ಜೋಡಿ ಹಾಳೆ ಹೋದ ವರ್ಷದ್ದು. ಕೆಲಸದ ಮೇಲಿದ್ದಾಗ ತೀರಿಕೊಂಡ್ರಲ್ಲ, ಅವರದ್ದು. ಅವರ ತಾಯಿ ಸಾಕ್ಷಿ ಹಾಕಿದಾರೆ. ನಾನಂತೂ ಮುಟ್ಟಲ್ಲ ಸರ್."

ಮುಖ್ಯಸ್ಥರು ಆ ಸಾವನ್ನು ಬಲ್ಲವರು; ಅವರ ಕಣ್ಣು ಕೆಳಗಿಳಿಯಿತು. ಮತ್ತೆ ತಲೆಯೆತ್ತಿದಾಗ ದನಿ ಗಡುಸಾಗಿತ್ತು.

"ಪ್ರಮಾಣ ಮುರಿದಿದ್ದೀರಿ. ಇದಕ್ಕೆ ಶಿಕ್ಷೆ ಏನು ಗೊತ್ತಾ?"

"ಗೊತ್ತು. ಎಪ್ಪತ್ತಮೂರು ವರ್ಷ ನನಗೆ. ಮೊಕದ್ದಮೆ ಹೂಡಿ ಸರ್, ಬರ್ತೀನಿ. ಆದರೆ ಯಾವ ಗುಟ್ಟು ಬಿಟ್ಟುಕೊಟ್ಟೆ ಅಂತ ನ್ಯಾಯಾಧೀಶರು ಕೇಳ್ತಾರಲ್ಲ? ನಾವು ಕಾಗದ ತೆರೀತಿದ್ವಿ ಅಂತ ಮೊದಲು ನೀವೇ ಹೇಳಬೇಕಾಗತ್ತೆ. ನಾವು ತೆರೆಯೋದೇ ಇಲ್ಲವಲ್ಲ?"

ಯುವತಿ ಕಿಟಕಿಯ ಕಡೆ ತಿರುಗಿ ನಿಂತಳು. ಮುಖ್ಯಸ್ಥರ ಬೆರಳು ಪುಟದ ಕೆಳಗೆ ಸಾಕ್ಷಿಗೆಂದು ಬಿಟ್ಟಿದ್ದ ಖಾಲಿ ಗೆರೆಯ ಮೇಲೆ ನಿಂತಿತು. ಆಮೇಲೆ ನನ್ನತ್ತ ನೋಡಿ, ತುಂಬ ಮೃದುವಾಗಿ ಹೇಳಿದರು: "ಯಜಮಾನ್ರೇ, ಇದಕ್ಕೆ ನಿಮ್ಮ ಸಾಕ್ಷಿ ಬೇಕು. ಸಾಕ್ಷಿ ಇಲ್ಲದ ಪುಟ ಅಪೂರ್ಣ. ಅಪೂರ್ಣ ಪುಟವನ್ನ ನಾನು ರದ್ದು ಅಂತ ಬರೀಬಹುದು, ನಿಯಮ ಇದೆ. ನೀವು ಸಹಿ ಹಾಕದಿದ್ರೆ ಇವತ್ತು ಇಲ್ಲಿ ಏನೂ ನಡೆದೇ ಇಲ್ಲ. ಮನೆಗೆ ಹೋಗಿ ಆರಾಮಾಗಿರಿ. ಈ ವಯಸ್ಸಲ್ಲಿ ಯಾಕೆ ಬೇಕು?"

ಇದನ್ನು ನಾವು ಎಣಿಸಿರಲಿಲ್ಲ. ಹೆಂಡತಿ ನನ್ನತ್ತ ನೋಡಲಿಲ್ಲ; ಬಸಿಯಲ್ಲಿದ್ದ ಪದಕವನ್ನು ನೋಡುತ್ತಿದ್ದಳು. ನಾನು ಧೈರ್ಯವಂತನಲ್ಲ. ಜೀವಮಾನವಿಡೀ ಇತರರ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಒಪ್ಪುವುದು ಬಿಡುವುದು ನಿಮ್ಮಿಚ್ಛೆ ಎಂದು ಹಿಂದೆ ಸರಿದವನು. ಅಭ್ಯಾಸಬಲದಿಂದ ಪುಟವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿದೆ. ಅವರ ವಿವರದಲ್ಲಿ ಎರಡು ಕಡೆ ಅಕ್ಷರ ಬಿಟ್ಟುಹೋಗಿತ್ತು. ಷರಾದಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

"ಲೇಖನಿ ಕೊಡೇ," ಎಂದೆ.

ಕೊಟ್ಟಳು. ಬೆರಳು ತಾಗಿತು, ತಣ್ಣಗಿತ್ತು. ನಾನು ಸಹಿ ಮಾಡಿದೆ, ಯಾರಿಗೂ ಅನುಮಾನ ಬಾರದಂತೆ ಪೂರ್ತಿ ಹೆಸರು, ಪೂರ್ತಿ ವಿಳಾಸ.

ದಫ್ತರದವರು ಶಾಯಿಯ ಮೇಲೆ ಒತ್ತುಕಾಗದವಿಟ್ಟು, ಎರಡು ಸಲ ಅಂಗೈಯಿಂದ ಒತ್ತಿ, "ಪುಟ ಪೂರ್ತಿಯಾಯ್ತು ಸರ್," ಎಂದರು. ನನ್ನ ಹೆಂಡತಿಯತ್ತ ತಿರುಗಿ, ಮುಖ್ಯಸ್ಥರಿಗೆ ಕೇಳಿಸುವಷ್ಟೇ ದನಿಯಲ್ಲಿ ಸೇರಿಸಿದರು: "ಮಂಡಳಿಯವರು ಪುಟದ ಸಂಖ್ಯೆ ಹೇಳಿ ಕೇಳಿದ್ರೆ, ನಕಲು ಇಲ್ಲ ಅನ್ನೋಕೆ ನಮಗೆ ಬರಲ್ಲಮ್ಮಾ. ಸಂಖ್ಯೆ ಹೇಳಿದ್ರೆ ಮಾತ್ರ."

"ಅವರಿಗೆ ಸಂಖ್ಯೆ ಯಾರು ಹೇಳ್ತಾರೆ?" ಎಂದರು ಮುಖ್ಯಸ್ಥರು.

ನನ್ನವಳು ಲೇಖನಿಯನ್ನು ಮುಚ್ಚಿ ಚೀಲಕ್ಕಿಳಿಸಿದಳು. ನಾವು ಮೂರು ಮಹಡಿ ಇಳಿದೆವು. ಪದಕ ಬಸಿಯಲ್ಲಿಯೇ ಉಳಿಯಿತು.

ಹೊರಗೆ ಬಿಸಿಲು ಬೀದಿಯ ಒಂದೇ ಬದಿಗೆ ಬಿದ್ದಿತ್ತು. ಅವಳು ಆ ಬದಿಗೇ ದಾಟಿ ಸರಸರನೆ ನಡೆದಳು; ಎರಡನೆಯ ತಿರುವಿನಲ್ಲಿ ಅಂಚೆ ಕಚೇರಿ. ನಾನು ಏದುಸಿರು ಬಿಡುತ್ತ ಹಿಂದೆಯೇ ಹೋದೆ. ಅವಳು ಗುಮಾಸ್ತನ ಕಟ್ಟೆಯ ಮುಂದೆ ನಿಂತು ಒಂದು ಅಂಚೆ ಕಾರ್ಡು ಕೊಂಡಳು.

"ಲಕೋಟೆ ತಗೋ," ಎಂದೆ. "ದಾರೀಲಿ ಓದ್ತಾರೆ."

"ಓದಲಿ. ತೆರೆಯೋ ಕಷ್ಟ ಅವರಿಗ್ಯಾಕೆ?"

ನಿಂತೇ ಬರೆದಳು. 'ಅಕ್ಕಾ, ನಿಮ್ಮ ಅಣ್ಣನ ಕಾಗದ ಬೇರೆಯವರ ಕೈಗೆ ಹೋಗುವಂತೆ ಮಾಡಿದವಳು ನಾನು. ಅದನ್ನು ಪದಕದ ಪುಸ್ತಕದ ನೂರ ಹದಿನೇಳನೆಯ ಪುಟದಲ್ಲಿ ಬರೆದು ಸಹಿ ಮಾಡಿದ್ದೇನೆ. ಮಂಡಳಿಗೆ ಆ ಸಂಖ್ಯೆಯನ್ನೇ ಹೇಳಿ ಕೇಳಿರಿ. ಅವರು ಕರೆದರೆ ನಾನೂ ಬಂದು ಹೇಳುತ್ತೇನೆ. ಕ್ಷಮೆಯನ್ನು ಕಾರ್ಡಿನಲ್ಲಿ ಕೇಳುವುದಿಲ್ಲ. ಭಾನುವಾರ ನಿಮ್ಮ ಬಾಗಿಲಿಗೆ ಬರುತ್ತೇನೆ. ತೆರೆಯದಿದ್ದರೂ ಸರಿ.'

ಆಮೇಲೆ, ನಾನು ನೋಡನೋಡುತ್ತಿದ್ದಂತೆ, ನಲವತ್ತೈದು ವರ್ಷದ ದಾಂಪತ್ಯದಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಕಾರ್ಡಿನ ಮೂಲೆಯಲ್ಲಿ 'ಇಂದ' ಎಂದಿದ್ದ ಜಾಗದಲ್ಲಿ ತನ್ನ ಹೆಸರು, ನಮ್ಮ ಮನೆಯ ಸಂಖ್ಯೆ, ಬೀದಿ, ಊರು ಎಲ್ಲವನ್ನೂ ದಪ್ಪ ಅಕ್ಷರಗಳಲ್ಲಿ ತುಂಬಿದಳು.

ಡಬ್ಬಿಗೆ ಹಾಕಲಿಲ್ಲ. ಕಟ್ಟೆಯಾಚೆ ಕುಳಿತಿದ್ದ ಗುಮಾಸ್ತನಿಗೆ ಬರೆದ ಬದಿ ಮೇಲಾಗಿ ಕೊಟ್ಟು, "ನನ್ನೆದುರೇ ಮುದ್ರೆ ಹೊಡೀರಪ್ಪಾ," ಎಂದಳು.

ಅವನು ಹೊಡೆದ. ಹೊಡೆಯುವಾಗ ಎರಡು ಸಾಲು ಓದಿದ, ಹುಬ್ಬೇರಿಸಿದ, ಉಳಿದದ್ದನ್ನೂ ಓದಿದ. ಅವನು ಕೊನೆಯ ಸಾಲು ಮುಗಿಸುವವರೆಗೂ ನನ್ನ ಹೆಂಡತಿ ಅಲ್ಲಿಂದ ಕದಲಲಿಲ್ಲ.